ಕಸದ ಲಾರಿಯ ಹಿಂದಿನ ಮೆಟ್ಟಿಲು

ಮನೆಯಿಂದ,
ಬುಧವಾರ, ಮಾರ್ಚ್ ೧೨

ರೀ, ಪ್ರೀತಿಯ ನಮಸ್ಕಾರ.

ಸೊಂಟದ ನೋವು ಹೇಗಿದೆ? ಹಡಗಿನವರಿಗೆಲ್ಲ ಬೇಯಿಸಿ ಬಡಿಸಿ ನೀವು ಮಾತ್ರ ನಿಂತುಕೊಂಡೇ ತಿನ್ನುತ್ತೀರೆಂದು ಗೊತ್ತು. ಕೂತು ತಿನ್ನಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ.

ನಿಜ ಹೇಳಲಾ? ಊಟಕ್ಕೆ ಕೂತರೆ ಎದುರಿಗೆ ಬರೀ ಗೋಡೆ. ನಿಮ್ಮ ತಮ್ಮ ಈ ಕಡೆ ತಲೆ ಹಾಕುತ್ತಿಲ್ಲ. ಹೋದ ತಿಂಗಳು ಕೆಲಸದಲ್ಲಿ ಕಸದ ಲಾರಿಯ ಹಿಂದಿನ ಮೆಟ್ಟಿಲಿನಿಂದ ಜಾರಿಬಿದ್ದ. ಲಾರಿ ಹಿಂದಕ್ಕೆ ಬರುತ್ತಿತ್ತು. ಜೊತೆಯವನು ತಗಡು ಬಡಿದು ಕೂಗಿದ್ದಕ್ಕೆ ಚಕ್ರದಡಿ ಸಿಕ್ಕಿದ್ದು ಚಪ್ಪಲಿ ಮಾತ್ರ. ಒಂಟಿ ಚಪ್ಪಲಿಯಲ್ಲಿ ಬಂದು ನನ್ನ ಮುಂದೆ ನಗುತ್ತಲೇ ಹೇಳಿದ.

ಪುರಸಭೆಯ ಮೀಟಿಂಗಿನಲ್ಲಿ ಮೆಂಬರಾಗಿ ಎದ್ದು ನಿಂತು, ಅವನು ಬಿದ್ದದ್ದನ್ನು ಹೇಳಿ, ಆ ಮೆಟ್ಟಿಲ ಮೇಲೆ ಜನರನ್ನು ನಿಲ್ಲಿಸುವುದು ಯಾವಾಗ ಬಿಡುತ್ತೀರಿ ಎಂದು ಕೇಳಿದೆ. ಅಧ್ಯಕ್ಷರು, "ಅದನ್ನ ಆಫೀಸರ್ ನೋಡ್ಕೋತಾರಮ್ಮ, ಓಟು ತಗೊಂಡು ಬಂದೋರು ನಾವ್ಯಾಕೆ ಮೂಗು ತೂರಿಸ್ಬೇಕು?" ಎಂದರು. ಕೆಲಸ ಮಾಡಿಸುವುದು ಆಫೀಸರ ಪಾಲು, ಸರಿ. ಕೆಲಸಕ್ಕೆ ಹೋದವರು ನೆಟ್ಟಗೆ ಮನೆ ಸೇರುತ್ತಾರೋ ಎಂದು ಕೇಳುವುದು, ಅದಕ್ಕೆ ಹಣ ಒದಗಿಸುವುದು ನಮ್ಮ ಪಾಲು ಎಂದೆ. ಹಟ ಹಿಡಿದೆ. ಲಾರಿಗೆ ಸೀಟು ಹಾಕಿಸುವವರೆಗೆ ಯಾರೂ ಮೆಟ್ಟಿಲು ಹತ್ತಬಾರದೆಂದು ತೀರ್ಮಾನವಾಯಿತು.

ಸೀಟು ಇನ್ನೂ ಬಂದಿಲ್ಲ. ಕೆಲಸದವರೆಲ್ಲ ಲಾರಿಯ ಹಿಂದೆ ನಡೆದು ನಡೆದೇ ಸುಸ್ತು. ಬೆಳಿಗ್ಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಸಂಜೆಯಾಗುತ್ತಿದೆ. ನನ್ನನ್ನು ಗೆಲ್ಲಿಸಿದ ಬೀದಿಯವರೇ ಕಸದ ಬುಟ್ಟಿ ತಂದು ನಮ್ಮ ಗೇಟಿಗೆ ಒರಗಿಸಿ ಹೋಗುತ್ತಾರೆ. ಹೊಲಿಯಲು ಬಟ್ಟೆ ತರುತ್ತಿದ್ದ ಪಕ್ಕದ ಮನೆಯಾಕೆ ಕಂಡರೂ ಕಾಣದಂತೆ ನಡೆದುಬಿಡುತ್ತಾಳೆ. ಅದೆಲ್ಲ ಹಾಳಾಗಲಿ. ನಿಮ್ಮ ತಮ್ಮ ಬಾಗಿಲಲ್ಲೇ ನಿಂತು, "ಬಿದ್ದಿದ್ದನ್ನ ನಿಮಗೆ ಹೇಳಿದ್ದು ಅತ್ತಿಗೆ ಅಂತ, ಮೆಂಬರ್ ಅಂತಲ್ಲ. ಎಲ್ಲರ ಮುಂದೆ ಹೇಳೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳಿದ್ರಾ?" ಎಂದು ಹೋದವನು ಮತ್ತೆ ಬಂದಿಲ್ಲ. ಕೇಳಬೇಕಿತ್ತು, ಅವಸರ ಮಾಡಿದೆ. ಅವನ ತಟ್ಟೆಯನ್ನು ಈಗಲೂ ಇಟ್ಟುಕೊಂಡು ಕೂರುತ್ತೇನೆ. ತುಂಬಾ ಬೇಜಾರಾಗುತ್ತದೆ ರೀ. ಹೊಲಿಗೆ ಯಂತ್ರದ ಜೊತೆ ಮಾತಾಡಲು ಶುರುಮಾಡಿದ್ದೇನೆ, ನಗಬೇಡಿ.

ಔಷಧಿ ತಪ್ಪಿಸಬೇಡಿ. ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ನಿಮ್ಮವಳು

ಇನ್ನೊಂದು ಮಾತು, ಅಂಚೆಗೆ ಹೊತ್ತಾಯಿತು: "ಸ್ವಲ್ಪ ಬಿಟ್ಟುಕೊಡು, ಮನೆ ಮುಖ್ಯ" ಎಂದು, ತಮ್ಮನ ದೂರು ಕೇಳಿ, ನೀವು ಬರೆದದ್ದು ಈಗಷ್ಟೇ ತಲುಪಿತು. ಆ ತೀರ್ಮಾನ ರದ್ದು ಮಾಡಲು ನಾಳೆ ಮತ ಹಾಕುತ್ತಾರೆ. ನಾನು ಕೈ ಎತ್ತಿದರೆ ನಾಳಿದ್ದೇ ಅವನು ಊಟಕ್ಕೆ ಬರುತ್ತಾನೆ. ಎತ್ತುವುದಿಲ್ಲ. ಮಾತು ಬಿಟ್ಟ ತಮ್ಮನನ್ನು ನೀವು ಬಂದು ಸಮಾಧಾನ ಮಾಡಬಹುದು. ಇಲ್ಲವಾದ ತಮ್ಮನನ್ನು ನಾನು ಎಲ್ಲಿಂದ ತಂದುಕೊಡಲಿ?