ಅಡ್ಡಹೆಸರು ಕಡ್ಡಾಯ

ಕೋಪರಿ, ಠಾಣೆ ಪೂರ್ವ
ಶನಿವಾರ, ೮ ಫೆಬ್ರವರಿ ೨೦೨೫

ಪ್ರೀತಿಯ ತೃಷಾ,

ನಿನ್ನ ಸಿಟ್ಟು ಇನ್ನೂ ಇಳಿದಿರಲಿಕ್ಕಿಲ್ಲ, ಗೊತ್ತು. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಮೇಲ್ ಹಾಕಿದರೆ ಓದದೆ ಅಳಿಸುತ್ತೀಯ. ಕಾಗದವನ್ನು ಹಾಗೆ ಮಾಡಲಾರೆ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಠಾಕುರ್ಲಿಯಲ್ಲಿ ನಿಮ್ಮ ಮನೆಗೆ ಇದು ಮುಟ್ಟಿದಾಗ ಮೊದಲು ಕೈಗೆ ತೆಗೆದುಕೊಳ್ಳುವವರು ನಿನ್ನಪ್ಪ ಲೋಕನಾಥ ಅಂಕಲ್. ತಮ್ಮ ಹೋಟೆಲ್ಲಿಗೆ ಬರುವ ಕನ್ನಡ ಪೇಪರನ್ನು ದಿನಾ ಓದಿಸಿ ನಿನಗೆ ಅಕ್ಷರ ಕಲಿಸಿದವರು ಅವರು. ಲಕೋಟೆಯ ಹಿಂದೆ ಕನ್ನಡ ಕಂಡರೆ ಎಸೆಯಲಿಕ್ಕೆ ಬಿಡುವವರಲ್ಲ.

ಮುಖ್ಯ ವಿಷಯ ಮೊದಲು. ಠಾಣೆಯ ಒಂದು ಕಂಪನಿಗೆ ನೀನು ಇಂಟರ್‌ವ್ಯೂ ಕೊಟ್ಟಿದ್ದೀಯ, ಅವರು ನಿನ್ನ ಬಗ್ಗೆ ಕೇಳಲು ಹಿತೇಶ್ ಸರ್‌ಗೆ ಫೋನ್ ಮಾಡುತ್ತಾರೆ ಅಂತ ಆಫೀಸಿನಲ್ಲಿ ಕೇಳಿದೆ. ಕಣ್ಣಿನ ಆಸ್ಪತ್ರೆಯ ಫಾರ್ಮ್ ಕೆಡಿಸಿದವಳು ತೃಷಾ ಅಂತಲೇ ಟೀಮ್ ಲೀಡರ್ ಆದ ಅವರು ನಿನ್ನೆಯವರೆಗೂ ನಂಬಿದ್ದರು. ಕೆಡಿಸಿದವಳು ನಾನು. ಅದು ನಿನಗೂ ಗೊತ್ತು, ನನಗೂ ಗೊತ್ತು. ಯಾಕೆ ಹಾಗೆ ಮಾಡಿದೆ ಅನ್ನುವುದು ಮಾತ್ರ ನಿನಗೆ ಗೊತ್ತಿಲ್ಲ.

ನಾನು ಮಹಾಪೆಯ ಆಫೀಸಿಗೆ ಸೇರಿದ ವಾರ ನೆನಪಿದೆಯಾ? ವೆಬ್ ಪೇಜಿನ ಒಂದು ಬಟನ್ ಎಷ್ಟು ಮಾಡಿದರೂ ನಡುವಿಗೆ ಬರದೆ ಸತಾಯಿಸಿದಾಗ ನಾನು ಕನ್ನಡದಲ್ಲಿ ಅದರ ಹಿರಿಯರನ್ನೆಲ್ಲ ನೆನೆದಿದ್ದೆ. ಪಕ್ಕದ ಕುರ್ಚಿಯಿಂದ ನೀನು ತಿರುಗಿ, ಇದು ಯಾವ ಊರಿನ ಕನ್ನಡ ಮಾರಾಯ್ತಿ, ಬೈಗುಳ ಕೂಡ ಹಾಡಿನ ಹಾಗಿದೆ ಅಂದೆ. ಅವತ್ತಿನಿಂದ ನಾನು ನಿನ್ನ ಶಿಷ್ಯೆ. ಕಾಲೇಜಿನಲ್ಲಿ ನನಗೆ ಸ್ಕ್ರೀನನ್ನು ಚಂದ ಮಾಡುವುದನ್ನು ಕಲಿಸಿದ್ದರು. ಅದರ ಎದುರು ಒಬ್ಬ ಮನುಷ್ಯ ಕೂತಿರುತ್ತಾನೆ ಅಂತ ಕಲಿಸಿದ್ದು ನೀನು.

ಶುಕ್ರವಾರ ಬಂತೆಂದರೆ ನನ್ನ ಮೌಸ್ ಮಾಯವಾಗುತ್ತಿತ್ತು. ನಿನ್ನ ಡ್ರಾಯರಿನಲ್ಲಿ ಅದಕ್ಕೆ ಬೀಗ. ಇವತ್ತು ಮೌಸಿಗೆ ಉಪವಾಸ, ಬರೀ ಕೀಬೋರ್ಡಿನಲ್ಲಿ ಪೇಜಿನ ತುದಿ ಮುಟ್ಟಿ ತೋರಿಸು ಅನ್ನುತ್ತಿದ್ದೆ. ಕೈ ನಡುಗುವವರು, ಕಣ್ಣು ಕಾಣದವರು ಹಾಗೇ ನಡೆಯುತ್ತಾರೆ, ಅವರ ದಾರಿಯಲ್ಲಿ ನೀನು ಗೋಡೆ ಕಟ್ಟಿದ್ದೀಯ ನೋಡು ಅಂತ ತೋರಿಸುತ್ತಿದ್ದೆ. ನಿನ್ನ ಸುಂದರಿ ಚಿಕ್ಕಮ್ಮನ ಒಡೆದ ಗಾಜಿನ ಹಳೇ ಫೋನ್ ನಮ್ಮ ಟೆಸ್ಟಿಂಗ್ ಫೋನಾಗಿತ್ತು. ದೊಡ್ಡ ದೊಡ್ಡ ಚಿತ್ರ ತುಂಬಿದ ನನ್ನ ಪೇಜು ಅದರಲ್ಲಿ ತೆರೆಯುವಷ್ಟರಲ್ಲಿ ನೀನು ಎದ್ದು ಹೋಗಿ ಚಹಾ ಕುಡಿದು ಬಂದಿದ್ದೆ, ನನ್ನನ್ನು ಅಣಕಿಸಲಿಕ್ಕೆಂದೇ. ತಿಳಿ ಬೂದು ಅಕ್ಷರ ಹಾಕಿದರೆ ಫೋನನ್ನು ಸ್ಟೇಷನ್ ಸೇತುವೆಯ ಬಿಸಿಲಿಗೆ ಒಯ್ದು, ಈಗ ಓದು ನೋಡೋಣ ಅನ್ನುತ್ತಿದ್ದೆ. ಮುಂಬ್ರಾದ ಗುಡ್ಡದ ಹತ್ತಿರ ನೆಟ್‌ವರ್ಕ್ ಹೋಗುತ್ತದಲ್ಲ, ಅಲ್ಲಿಗೆ ಸರಿಯಾಗಿ ಫಾರ್ಮ್ ಅರ್ಧ ತುಂಬಿ, ಬರೆದದ್ದು ಉಳಿಯಿತೋ ಅಳಿಯಿತೋ ಅಂತ ಮನೆಗೆ ಹೋಗುತ್ತ ಪರೀಕ್ಷೆ ಮಾಡುತ್ತಿದ್ದೆ. ಅಳಿದರೆ ರೈಲಿನಿಂದಲೇ ನನಗೆ ಬೈಗುಳದ ಮೆಸೇಜು.

ಆ ಬೈಗುಳ ಇಲ್ಲದೆ ಈಗ ಏಳು ವಾರವಾಯಿತು.

ಪುಕ್ಕಟೆ ಕಣ್ಣಿನ ಆಪರೇಶನ್ನಿಗೆ ಹೆಸರು ಕೊಡುವ, ಆಸ್ಪತ್ರೆಯ ಟ್ರಸ್ಟಿನ ಫಾರ್ಮ್ ಬಂದಾಗ ನೀನು ಹೆಸರಿಗೆ ಒಂದೇ ಡಬ್ಬಿ ಇಟ್ಟಿದ್ದೆ. ಮೇಲೆ ‘ನಿಮ್ಮ ಹೆಸರು’ ಅಂತ ದಪ್ಪ ಅಕ್ಷರ. ಡಬ್ಬಿಯ ಒಳಗೆ ಬರೆದರೆ ಟೈಪ್ ಮಾಡಿದ ಕೂಡಲೇ ಕಾಣೆಯಾಗುತ್ತದೆ, ಜನಕ್ಕೆ ಏನು ಕೇಳಿದ್ದರು ಅನ್ನುವುದೇ ಮರೆತು ಹೋಗುತ್ತದೆ ಅನ್ನುವುದು ನಿನ್ನ ವಾದ. ಅದನ್ನು ಬರೆದು ಮುಗಿಸಿ, ಮುಖ್ಯ ಕೋಡಿಗೆ ಸೇರಿಸಿಬಿಡು ಅಂತ ನನಗೆ ಹೇಳಿ, ನಿಮ್ಮ ಲತೇಶಣ್ಣನ ಮದುವೆಗೆ ಎರಡು ದಿನ ರಜೆ ಹಾಕಿ ಹೋದೆ. ನನ್ನ ಲ್ಯಾಪ್‌ಟಾಪ್ ರಿಪೇರಿಯಲ್ಲಿತ್ತು. ನಿನ್ನದರಲ್ಲೇ ಕೂತೆ.

ಅವತ್ತು ಚಹಾದ ಹೊತ್ತಿಗೆ ಹಿತೇಶ್ ಸರ್ ಬಂದು ನಿನ್ನ ಒಂದು ಡಬ್ಬಿಯನ್ನು ನೋಡಿದರು. ಮನೆತನದ ಅಡ್ಡಹೆಸರಿಗೆ ಬೇರೆ ಜಾಗ ಯಾಕಿಲ್ಲ ಅಂತ ಕೇಳಿದರು. ಕೆಲವರಿಗೆ ಅಡ್ಡಹೆಸರು ಇರುವುದಿಲ್ಲ ಅಂತ ತೃಷಾ ಹೇಳುತ್ತಾಳೆ ಅಂದೆ. ಅವರು ನಕ್ಕರು. ಅಂಥವರು ಎಲ್ಲಿರುತ್ತಾರೆ, ಪಾಟೀಲ್, ನಿಮ್ಮ ಕಡೆ ಯಾರಾದರೂ ಇದ್ದಾರಾ ಅಂತ ನನ್ನನ್ನೇ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಹಾಗೇ ತಮಾಷೆಗೆ. ನಾನೂ ನಕ್ಕೆ. ಯಾರೂ ಇಲ್ಲ ಸರ್, ಎಲ್ಲರಿಗೂ ಇರುತ್ತದೆ ಅಂದೆ. ಅಂದದ್ದನ್ನು ನಿಜ ಮಾಡಲು ಕೂತು ಎರಡನೇ ಡಬ್ಬಿ ಮಾಡಿದೆ, ಅದರ ತಲೆಗೆ ಕೆಂಪು ನಕ್ಷತ್ರ ಇಟ್ಟೆ. ಅಡ್ಡಹೆಸರು ಕಡ್ಡಾಯ. ಬರೆಯದೆ ಮುಂದೆ ಹೋದರೆ ‘ಹೆಸರು ತಪ್ಪಾಗಿದೆ’ ಅಂತ ಒಂದು ಸಾಲು. ಯಾವ ಡಬ್ಬಿಯಲ್ಲಿ ಏನು ತಪ್ಪಾಗಿದೆ, ಅದಕ್ಕೆ ಏನು ಮಾಡಬೇಕು ಅಂತ ಹೇಳದ ಎಚ್ಚರಿಕೆ ಬರೀ ಗದರಿಕೆ ಅಂತ ನೀನು ನೂರು ಸಲ ಹೇಳಿದ್ದೆ. ನೂರೂ ಸಲ ಕೇಳಿಸಿಕೊಂಡವಳೇ ಆ ಸಾಲು ಬರೆದೆ. ಅದು ಹೋಗಿ ಕೂತದ್ದೂ ಮೊದಲನೇ ಡಬ್ಬಿಯ ಕೆಳಗೆ.

ಮುಂದಿನದು ನಿನಗೇ ಗೊತ್ತಿದೆ. ಫಾರ್ಮ್ ಶುರುವಾಗಿ ಮೂರು ವಾರವಾದರೂ ಹಮಾಲರ ಕಡೆಯಿಂದ, ಗಾರೆ ಕೆಲಸದವರ ಕಡೆಯಿಂದ ಹೆಸರೇ ಬರುತ್ತಿಲ್ಲ ಅಂತ ಟ್ರಸ್ಟಿನವರು ದೂರು ಕೊಟ್ಟರು. ಫಾರ್ಮ್ ನಿಲ್ಲಿಸಿ ಆಸ್ಪತ್ರೆಯಲ್ಲೇ ಕೈಯಲ್ಲಿ ಬರೆದುಕೊಳ್ಳತೊಡಗಿದರು. ಹಿತೇಶ್ ಸರ್‌ಗೆ ಚಹಾದ ಹೊತ್ತಿನ ಮಾತು ನೆನಪಿರಲಿಲ್ಲ. ಕೋಡಿನ ದಾಖಲೆಯಲ್ಲಿ ಪ್ರತಿ ಸಾಲಿಗೂ ಬರೆದವರ ಹೆಸರು ಅಂಟಿಕೊಂಡಿರುತ್ತದೆ, ಆ ಸಾಲಿಗೆ ಅಂಟಿಕೊಂಡದ್ದು ನಿನ್ನ ಹೆಸರು. ನಾನು ರಜೆಯಲ್ಲಿದ್ದೆ ಅಂತ ನೀನು ಹೇಳಿದೆ. ಹಾಗಾದರೆ ನಿನ್ನ ಮಶೀನ್ ಮುಟ್ಟಿದವರು ಯಾರು ಅಂತ ಅವರು ಕೇಳಿದರು. ನೀನು ನನ್ನ ಕಡೆ ನೋಡಿದೆ. ನನ್ನ ಹೆಸರು ಹೇಳಲಿಲ್ಲ, ನಾನೇ ಹೇಳಲಿ ಅಂತ ಕಾದೆ. ನಾನು ಸ್ಕ್ರೀನ್ ನೋಡುತ್ತ ಕೂತೆ. ಸಂಜೆ ನೀನು ಐಡಿ ಕಾರ್ಡ್ ಮೇಜಿನ ಮೇಲಿಟ್ಟು ಒಬ್ಬಳೇ ಸ್ಟೇಷನ್ನಿಗೆ ಹೋದೆ.

ನನಗೆ ಗೊತ್ತಿರುವ ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಹೆಸರು ಚಂದವ್ವ. ಕಲಬುರಗಿ ಕಡೆಯವಳು, ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಕಳೆದ ಭಾನುವಾರ ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅನ್ನದಲ್ಲಿ ಒಂದಲ್ಲ, ಮೂರು ಹರಳು ಸಿಕ್ಕವು. ಅಕ್ಕಿ ಆರಿಸಲಿಲ್ಲವಾ ಅಂದರೆ ಆರಿಸಿದೆ, ಕಾಣಲಿಲ್ಲ ಅಂದಳು. ಕಣ್ಣಿಗೆ ಪೊರೆ ಬಂದು ವರ್ಷವಾಗಿದೆಯಂತೆ, ಯಾರಿಗೂ ಹೇಳಿರಲಿಲ್ಲ. ಟ್ರಸ್ಟಿನ ಆಸ್ಪತ್ರೆಗೆ ಹೆಸರು ಕೊಡಬಾರದಿತ್ತಾ ಅಂದೆ. ಕೊಡಾಕ ಹೋಗಿದ್ದೆ, ನನ್ನ ಹೆಸರ ತಪ್ಪ ಅದ ಅಂತು ಅಂದಳು.

ಯಾರ್ಡಿನ ಗೋಡೆಗೆ ಹಚ್ಚಿದ್ದ ಪೋಸ್ಟರ್ ನೋಡಿ, ನಾಲ್ಕನೇ ಇಯತ್ತೆಯವರೆಗೆ ಕಲಿತ ಕನ್ನಡದಲ್ಲಿ ತಾನೇ ಫಾರ್ಮ್ ತುಂಬಿದ್ದಾಳೆ. ಚಂದವ್ವ ಅಂತ ಬರೆದಿದ್ದಾಳೆ. ಹೆಸರು ತಪ್ಪಾಗಿದೆ. ಒತ್ತಕ್ಷರ ತಪ್ಪಿರಬೇಕು ಅಂತ ಮರುದಿನ ಮತ್ತೆ ಬರೆದಿದ್ದಾಳೆ. ಚೆಂದವ್ವ ಅಂತ ಬರೆದಿದ್ದಾಳೆ, ಶಹರದ ರೀತಿ ಬೇಕೇನೋ ಅಂತ ಚಂದಮ್ಮ, ಚಂದಾಬಾಯಿ ಅಂತಲೂ ಬರೆದಿದ್ದಾಳೆ. ನಾಲ್ಕು ದಿನ ಮಧ್ಯಾಹ್ನದ ರೊಟ್ಟಿ ಬಿಟ್ಟು, ಚೀಲಗಳ ಹಿಂದೆ ಕೂತು, ಕಾಣದ ಕಣ್ಣಿಗೆ ಫೋನ್ ಹಿಡಿದು ತನ್ನ ಹೆಸರನ್ನು ತಿದ್ದಿದ್ದಾಳೆ. ಆಮೇಲೆ ಬಿಟ್ಟಿದ್ದಾಳೆ. ಐವತ್ತನಾಕು ವರ್ಷ ಇದೇ ಹೆಸರಿಲೆ ಕರದಾರ, ಯಾರೂ ತಪ್ಪ ಅದ ಅಂದಿದ್ದಿಲ್ಲ ಅಂದಳು. ಸಿಟ್ಟಿಲ್ಲ, ನಾಚಿಕೆ. ಇದನ್ನ ಮಾಡಿದವರು ಯಾರ ಮಕ್ಕಳೋ ಏನೋ, ಅವರಿಗೇನ ಗೊತ್ತಿರತದ ಅಂತ ನನ್ನ ತಟ್ಟೆಗೆ ಇನ್ನಷ್ಟು ಸಾರು ಹಾಕಿದಳು.

ಮೇಲೆ ‘ನನಗೆ ಗೊತ್ತಿರುವ ಒಬ್ಬ ಹೆಂಗಸು’ ಅಂತ ಬರೆದೆನಲ್ಲ, ಗೀಟು ಹಾಕಿ ಅಳಿಸಲು ಪೆನ್ನು ಎತ್ತಿದೆ. ಅಳಿಸುವುದಿಲ್ಲ. ನಾನು ಎಂಥವಳು ಅಂತ ನೀನೂ ನೋಡು. ಚಂದವ್ವ ನನ್ನ ಅವ್ವ. ನಮ್ಮವ್ವ ಕಲಬುರಗಿಯಲ್ಲಿ ಟೀಚರ್ ಅಂತ ನಿನಗೆ ಹೇಳಿದ್ದು ಸುಳ್ಳು. ನಮಗೆ ಅಡ್ಡಹೆಸರಿಲ್ಲ ತೃಷಾ. ಅಪ್ಪ ಬಾಲಪ್ಪ, ಅವ್ವ ಚಂದವ್ವ, ನಾನು ಮಲ್ಲಿಕಾ, ಅಲ್ಲಿಗೆ ಮುಗಿಯಿತು. ಕಾಲೇಜಿನ ಕಿಟಕಿಯಲ್ಲಿ ಕ್ಲರ್ಕ್ ಆಡನಾವ್ ಏನು ಅಂತ ಮರಾಠಿಯಲ್ಲಿ ಕೇಳಿದಾಗ ಹಿಂದಿನ ಸಾಲು ದೊಡ್ಡದಿತ್ತು. ನನ್ನ ಮುಂದೆ ನಿಂತಿದ್ದ ಹುಡುಗಿ ಪಾಟೀಲ್ ಅಂದಿದ್ದಳು. ನಾನೂ ಅದನ್ನೇ ಅಂದೆ. ಆ ಹೆಸರು ಕೇಳಿದವರು ಮುಂದೆ ಬೇರೇನೂ ಕೇಳುವುದಿಲ್ಲ ಅಂತ ಆಮೇಲೆ ತಿಳಿಯಿತು, ಅದಕ್ಕೇ ಇಟ್ಟುಕೊಂಡೆ. ಹಿತೇಶ್ ಸರ್ ಕೇಳಿದಾಗ ಇದ್ದಾರೆ ಸರ್, ನಾನೇ ಅನ್ನಬೇಕಿತ್ತು. ಆಫೀಸಿನಲ್ಲಿ ಆ ಮಾತು ಬಲ್ಲವಳು ನಾನೊಬ್ಬಳೇ, ನಾನೇ ಬಾಯಿ ಮುಚ್ಚಿದೆ. ನಿಮ್ಮ ಹೋಟೆಲ್ಲಿನ ಕೆಲಸದವರನ್ನು ನೋಡಿ ತಿಳಿದುಕೊಂಡ ನೀನು ನಮ್ಮವ್ವನ ಪರವಾಗಿ ಮಾತಾಡಿದೆ.

ಸೋಮವಾರ ಆಫೀಸಿಗೆ ಹೋಗಿ ಹುಡುಕಿದೆ. ನೀನು ಬರೆದಿಟ್ಟ ಒಂದೇ ಡಬ್ಬಿಯ ಕೋಡು ಒಂದು ಮೂಲೆಯಲ್ಲಿ ಹಾಗೇ ಇತ್ತು. ಒಂದು ಅಕ್ಷರ ಬದಲಿಸದೆ, ನಿನ್ನ ಹೆಸರಿನಲ್ಲೇ ಸೇರಿಸಿದೆ. ಗುರುವಾರ ಫಾರ್ಮ್ ಮತ್ತೆ ತೆರೆಯಿತು. ಅವ್ವನ ಕೈಗೆ ಫೋನ್ ಕೊಟ್ಟು ನಾನು ಪಾತ್ರೆ ತೊಳೆಯುವ ನೆಪದಲ್ಲಿ ದೂರ ನಿಂತೆ. ಬರೆಯಲೋ ಬೇಡವೋ ಅಂತ ಬಹಳ ಹೊತ್ತು ಕೂತಿದ್ದಳು. ಕಡೆಗೆ ಬರೆದಳು. ನೀನು ಆರಿಸಿ ಬರೆದ ಸಾಲು ಬಂತು: ಚಂದವ್ವ ಅವರೇ, ನಿಮ್ಮ ಹೆಸರು ಸೇರಿದೆ, ಹದಿನೆಂಟನೇ ತಾರೀಕು ಬನ್ನಿ. ಅವಳು ನನ್ನನ್ನು ಕರೆದು ಅದನ್ನು ಎರಡು ಸಲ ಓದಿಸಿದಳು. ಅವರೇ ಅಂತ ಅಂದಾರ ನೋಡು ಅಂದಳು. ಆಗ ನನಗೆ ತಡೆಯಲಾಗಲಿಲ್ಲ. ಆ ಹಳೇ ಸಾಲು ಬರೆದವಳು ನಾನೇ ಅಂತ ಅವಳಿಗೆ ಹೇಳಿದೆ. ಈಗ ತಿದ್ದೀಯಲ್ಲ ಅಂದಳು. ಈಗಿನದನ್ನು ಬರೆದವಳು ಬೇರೆ, ನನ್ನ ಗೆಳತಿ ಅಂದೆ.

ನಿನ್ನೆ ಶುಕ್ರವಾರ ಟೀಮಿನ ಎಲ್ಲರೆದುರು ಹಿತೇಶ್ ಸರ್‌ಗೆ ಇದಿಷ್ಟನ್ನೂ ಹೇಳಿದೆ. ತೃಷಾ ಬಗ್ಗೆ ಯಾರೇ ಫೋನ್ ಮಾಡಿದರೂ ನಿಜ ಹೇಳುತ್ತೇನೆ, ನಾನೇ ಅವರಿಗೆ ಬರೆದೂ ಕೊಡುತ್ತೇನೆ ಅಂದರು. ನನ್ನ ಕೆಲಸದ ವಿಷಯ ಸೋಮವಾರ ಮಾತಾಡೋಣ ಅಂದಿದ್ದಾರೆ. ಏನಾಗುತ್ತದೋ ಆಗಲಿ. ಹೊರಡುವಾಗ, ನೀನು ಹೋದ ಶುಕ್ರವಾರದಿಂದ ನಿನ್ನ ಡ್ರಾಯರಿನಲ್ಲೇ ಇದ್ದ ನನ್ನ ಮೌಸ್ ತೆಗೆದುಕೊಂಡೆ. ಮತ್ತೆ ಅಲ್ಲೇ ಇಟ್ಟು ಬಂದೆ.

ಕ್ಷಮಿಸು ಅಂತ ಕೇಳುವ ಹಕ್ಕಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ
ಮಲ್ಲಿಕಾ
(ಅಷ್ಟೇ, ಮುಂದೆ ಏನೂ ಇಲ್ಲ)

ತಾ.ಕ.: ಪತ್ರದ ತಲೆಗೆ ಕೋಪರಿ ಅಂತ ಬರೆದದ್ದು ಈಗ ಕಣ್ಣಿಗೆ ಬಿತ್ತು, ಕೈಗೆ ಅಷ್ಟು ರೂಢಿಯಾಗಿದೆ. ಕೋಪರಿಯಲ್ಲಿ ನನಗೆ ಮನೆ ಇಲ್ಲ, ಎಂದೂ ಇರಲಿಲ್ಲ. ನಮ್ಮದು ಕೋಪರಖೈರಣೆ, ನಾವಿಬ್ಬರೂ ದಿನಾ ಗಾಡಿ ಹತ್ತುತ್ತಿದ್ದ ಸ್ಟೇಷನ್ನಿಗೆ ಏಳು ನಿಮಿಷದ ದಾರಿ. ಹತ್ತೊಂಬತ್ತು ತಿಂಗಳು ನಮ್ಮ ಗಲ್ಲಿಯನ್ನು ದಾಟಿಕೊಂಡು ನಿನ್ನ ಜೊತೆ ಠಾಣೆಯವರೆಗೆ ಬಂದು, ನೀನು ಕಲ್ಯಾಣದ ಗಾಡಿ ಹತ್ತಿದ ಮೇಲೆ ತಿರುಗಿ ವಾಶಿ ಗಾಡಿ ಹಿಡಿದು ಮನೆಗೆ ಹೋಗುತ್ತಿದ್ದೆ. ಮೊದಮೊದಲು ಸುಳ್ಳು ಕಾಯಲಿಕ್ಕೆ. ಆಮೇಲೆ ನಿನ್ನ ಪಕ್ಕದಲ್ಲಿ ಕೂರುವ ಆ ಇಪ್ಪತ್ತು ನಿಮಿಷಕ್ಕೆ. ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ, ಸೆರಗಿಗೆ ಈರುಳ್ಳಿ ಸಿಪ್ಪೆ ಅಂಟಿಸಿಕೊಂಡ ಒಬ್ಬ ಹೆಂಗಸು ನಮ್ಮನ್ನು ನೋಡಿ ನಕ್ಕು, ನನ್ನ ಮುಖ ನೋಡಿದ ಮೇಲೆ ಗುರುತಿಲ್ಲದವಳ ಹಾಗೆ ಮುಂದೆ ಹೋಗಿಬಿಟ್ಟಳು. ಆ ಆಂಟಿ ಯಾರು ಮಾರಾಯ್ತಿ ಅಂತ ನೀನು ಕೇಳಿದ್ದೆ. ಯಾರೋ ಅಂದಿದ್ದೆ. ಅವಳೇ ನಮ್ಮವ್ವ. ಆಪರೇಶನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಒಂದು ಭಾನುವಾರ ಕೋಪರಖೈರಣೆಯಲ್ಲಿ ಇಳಿ. ಸ್ಟೇಷನ್ನಿಗೆ ನಾವಿಬ್ಬರೂ ಬರುತ್ತೇವೆ. ನಿನ್ನ ಮುಖ ಅವಳಿಗೆ ಇನ್ನೂ ನೆನಪಿದೆಯಂತೆ.