ಹತ್ತು ಲಕ್ಷದ ಒಂದು

14 ಜೂನ್ 2025, ಶನಿವಾರ, ಇಳಕಲ್

ಬಾದಾಮಿಯ ಜ್ಯೋತಿಷಿ ಪಕ್ಕದ ಮನೆಯ ಶಿವಗಂಗಕ್ಕನಿಗೆ ಸುಳ್ಳು ಹೇಳಿದ್ದಾನೆ. 1000001 ಯಾವುದರಿಂದಲೂ ಭಾಗವಾಗದ ಸಂಖ್ಯೆಯಂತೆ. ದಿನಾ ನೂರೆಂಟು ಸಲ ಬರೆದರೆ ಬಿಟ್ಟುಹೋದ ಗಂಡ ಮರಳುತ್ತಾನಂತೆ. ಆಕೆ ನಾಲ್ಕು ವರ್ಷದಿಂದ ಬರೆಯುತ್ತಿದ್ದಾಳೆ.

ಇಂದು ಮಧ್ಯಾಹ್ನ ಆಕೆಯ ಮಗ್ಗದ ಪಕ್ಕ ಕೂತು, ಆಕೆ ಬರೆಯುವ ನೋಟಬುಕ್ಕಿನಲ್ಲೇ ಆ ಸಂಖ್ಯೆಯನ್ನು ಭಾಗಿಸತೊಡಗಿದೆ. ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯ ಸಂಖ್ಯೆಗಳಿಗೂ ಅದು ಬಗ್ಗಲಿಲ್ಲ. ಪ್ರತಿ ಸಲ ಶೇಷ ಉಳಿದಾಗಲೂ ಆಕೆಯ ಮುಖ ಅರಳುತ್ತಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. 101ರಿಂದ ಭಾಗಿಸಿದೆ. ಬಂದದ್ದು 9901, ಶೇಷ ಸೊನ್ನೆ.

"ನೋಡಕ್ಕ, ಮುರೀತು. ನಿನ್ನ ಗಂಡ ಬರಂಗಿಲ್ಲ," ಎಂದೆ.

ಎರಡನೆಯ ಮಾತು ಗಣಿತವಲ್ಲ. ಅದನ್ನು ಹೇಳುವಾಗಲೇ ಹೆಚ್ಚು ಖುಷಿಯಾಯಿತು. ಆ ಖುಷಿ ಇನ್ನೂ ಹೋಗಿಲ್ಲ, ನಾಚಿಕೆ ಅದರ ಪಕ್ಕದಲ್ಲೇ ಕೂತಿದೆ.

ಆಕೆ ಅಳಲಿಲ್ಲ. "ಗಂಡ ಬಿಟ್ಟಾಕಿ ಮುಂದ ನಿನ್ನ ಲೆಕ್ಕ ಭಾಳ ಜೋರ್ ಐತಲ್ಲೋ ತಮ್ಮಾ. ಆ ಜ್ಯೋತಿಷಿ ಮುಂದ, ಅವನ ಮಂದಿ ಮುಂದ ಮಾಡಿ ತೋರಿಸ್ತಿಯೇನು?"

ಅವನ ಮಂದಿ ಹೊಡೆಯುತ್ತಾರೆ, ಅದು ಆಕೆಗೂ ಗೊತ್ತು. "ತೋರಿಸ್ತೇನಿ," ಎಂದೆ. ಸಂತೆಯಲ್ಲಿ ಮೂಢನಂಬಿಕೆ ವಿರುದ್ಧ ಕರಪತ್ರ ಹಂಚುವಾಗಿನ ಧ್ವನಿ ಬರಲಿಲ್ಲ.

"ಹಂಗಾರ ನಾನೂ ಬರ್ತೇನಿ, ನೋಡಾಕ," ಎಂದು ನಕ್ಕಳು.

ಸೋಮವಾರ, ಮುಂಜಾನೆ ಎಂಟಕ್ಕೆ, ಬಾದಾಮಿ ಬಸ್ಸು ನಿಲ್ಲುವಲ್ಲಿ.