ನೇರಳೆ ಶಾಲು

ಯಜಮಾನರ ಸನ್ನಿಧಾನಕ್ಕೆ,

ನಿಮ್ಮ ಹಳೆಯ ಫೋಟೋ ಸ್ಲೈಡುಗಳ ಸ್ಕ್ಯಾನಿಂಗ್ ಮುಗಿಯುತ್ತಾ ಬಂತು. ಮೊನ್ನೆ ಕಂಪ್ಯೂಟರಿನಲ್ಲಿ ನೋಡಿದ, ಮದುವೆಗೆ ಮುಂಚಿನ ಒಂದು ಸ್ಲೈಡಿನಲ್ಲಿ ನಿಮ್ಮ ಪಕ್ಕದಲ್ಲಿರುವಾಕೆ, ನೀವು ನನಗೆ ಕೊಟ್ಟ ಶಾಲನ್ನೇ ಹೊದ್ದಿದ್ದಾಳಲ್ಲ ಎಂದು ಕೇಳಿದ್ದೆ. "ಅದು ನೇರಳೆ ಕಣೇ, ನಿಂದು ಕೆಂಪು. ನಿನಗೇ ಅಂತ ಹೇಳಿ ನೇಯಿಸಿದ್ದು" ಎಂದಿರಿ. ನಾನೂ ನಂಬಿ ನಾಚಿಕೊಂಡೆ.

ಇವತ್ತು ನೋಡಿದರೆ, ನಾವು ಸ್ಕ್ಯಾನರಿಗೆ ಬೇರೆ ಯಾವುದೋ ಫಿಲ್ಮಿನ ಕಲರ್ ಪ್ರೊಫೈಲ್, ಅಂದರೆ ಬಣ್ಣ ಓದುವ ಸೆಟ್ಟಿಂಗ್, ಕೊಟ್ಟಿದ್ದೆವು. ಅದಕ್ಕೇ ಎಲ್ಲವೂ ನೀಲಿ ಹೊಡೆಯುತ್ತಿತ್ತು. ಸರಿಯಾದದ್ದನ್ನು ಹಾಕಿದೆ. ನಿಮ್ಮ ಮುಖಕ್ಕೆ ಕಳೆ ಬಂತು, ಆಕೆಯ ಶಾಲು ಕೆಂಪಗಾಯಿತು. ಅಂಚಿನಲ್ಲಿ ನೇಯ್ದ ಬಿಳಿ ಹಕ್ಕಿಗಳೂ ನನ್ನ ಶಾಲಿನವೇ.

ಶಾಲನ್ನು ಒಗೆದು, ಮಡಿಸಿ, ನಿಮ್ಮ ಕುರ್ಚಿಯ ಮೇಲಿಟ್ಟಿದ್ದೇನೆ. ಚಿತ್ರವನ್ನು ಸೇವ್ ಮಾಡಲು ಕಂಪ್ಯೂಟರು ಹೆಸರು ಕೇಳುತ್ತಿದೆ. ಸಂಜೆ ಬಂದವರೇ, ಕಾಫಿಗೆ ಮುಂಚೆ, ಅವಳ ಹೆಸರು ಹೇಳಿಬಿಡಿ.

ಇತಿ,
ನೇರಳೆಯನ್ನು ನಂಬಿದ್ದ ನಿಮ್ಮಾಕೆ